ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ಎಷ್ಟು ಹೊತ್ತು?

ಮಕ್ಕಳೇ, ಮೊದಲು ಒಂದು ಒಗಟಿನಂಥ ಲೆಕ್ಕ. ಪೆನ್ಸಿಲ್ ಕೈಗೆ ತೆಗೆದುಕೊಳ್ಳಿ.

2021ರ ಜನವರಿ 9, ಶನಿವಾರ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ವಿಮಾನ ನಿಲ್ದಾಣದಿಂದ ಏರ್ ಇಂಡಿಯಾದ ವಿಮಾನವೊಂದು ರಾತ್ರಿ 8.30ಕ್ಕೆ ಹೊರಡಬೇಕಿತ್ತು. ದಾರಿಯಲ್ಲಿ ಎಲ್ಲಿಯೂ ಇಳಿಯದೆ ಅದು ನಮ್ಮ ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಜನವರಿ 11ರ ಸೋಮವಾರ ಬೆಳಗಿನ ಜಾವ 3.45ಕ್ಕೆ ಬಂದು ಸೇರಬೇಕು ಎಂದು ವೇಳಾಪಟ್ಟಿ ಹೇಳುತ್ತಿತ್ತು. ಹಾಗಾದರೆ ವಿಮಾನ ಆಕಾಶದಲ್ಲಿ ಎಷ್ಟು ಹೊತ್ತು ಹಾರಬೇಕು?

ಶನಿವಾರ ರಾತ್ರಿ 8.30ರಿಂದ ಭಾನುವಾರ ರಾತ್ರಿ 8.30ರವರೆಗೆ 24 ಗಂಟೆ. ಅಲ್ಲಿಂದ ಬೆಳಗಿನ ಜಾವ 3.45ರವರೆಗೆ ಇನ್ನೂ 7 ಗಂಟೆ 15 ನಿಮಿಷ. ಒಟ್ಟು 31 ಗಂಟೆ 15 ನಿಮಿಷ. ನಿಮಗೂ ಇಷ್ಟೇ ಬಂತಲ್ಲವೇ? ಕೂಡಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಪ್ರಯಾಣಿಕರನ್ನು ತುಂಬಿಕೊಂಡು 31 ಗಂಟೆ ಒಂದೇ ಸಮನೆ ಹಾರುವಷ್ಟು ಇಂಧನ ಹೊರುವ ವಿಮಾನ ಯಾವ ಕಂಪನಿಯ ಬಳಿಯೂ ಇಲ್ಲ. ನಿಜವಾದ ಉತ್ತರ 17 ಗಂಟೆ 45 ನಿಮಿಷ. ಉಳಿದ ಹದಿಮೂರೂವರೆ ಗಂಟೆ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಸ್ವಲ್ಪ ಬದಿಗಿಟ್ಟು ಮೊದಲು ದೂರದ ಲೆಕ್ಕ ನೋಡೋಣ. ಸಮಯದ ಗುಟ್ಟು ಆಮೇಲೆ ಬಿಡಿಸಿದರಾಯಿತು.

ಅಂದ ಹಾಗೆ, ಆ ವಿಮಾನವನ್ನು ನಡೆಸಿದವರು ನಾಲ್ವರು ಮಹಿಳೆಯರು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳುತನದಲ್ಲಿ ತನ್ಮಯಿ ಪಾಪಗಾರಿ, ಆಕಾಂಕ್ಷಾ ಸೋನಾವರೆ ಮತ್ತು ಶಿವಾನಿ ಮನ್ಹಾಸ್ ಸರದಿಯ ಮೇಲೆ ವಿಮಾನ ಹಾರಿಸಿದರು. ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವೆ ನಡುವೆ ಎಲ್ಲೂ ನಿಲ್ಲದ ಏರ್ ಇಂಡಿಯಾ ಹಾರಾಟ ಶುರುವಾದದ್ದು ಈ ಪಯಣದಿಂದ. ಅವರು ಬಂದ ದಾರಿಯಂತೂ ಇನ್ನೂ ಸ್ವಾರಸ್ಯದ್ದು. ಉತ್ತರ ಧ್ರುವದ ಮೇಲಿಂದ!

ಅಮೆರಿಕದಿಂದ ಬೆಂಗಳೂರಿಗೆ ಬರಲು ಧ್ರುವದವರೆಗೆ ಯಾಕೆ ಹೋಗಬೇಕು? ಮೈಸೂರಿನಿಂದ ಮಂಡ್ಯಕ್ಕೆ ಹೋಗಲು ಬೀದರ್ ಸುತ್ತಿ ಬಂದ ಹಾಗಾಗಲಿಲ್ಲವೇ ಎಂದು ನೀವು ಕೇಳಬಹುದು. ಇಲ್ಲ, ಹಾಗಾಗಲಿಲ್ಲ. ಯಾಕೆಂದು ನೋಡೋಣ.

ಗೋಡೆಯ ನಕ್ಷೆ ಹೇಳುವ ದಾರಿ

ನಿಮ್ಮ ಶಾಲೆಯ ಗೋಡೆಯ ಮೇಲೆ ಪ್ರಪಂಚದ ನಕ್ಷೆ ಇರಬಹುದು. ಅದರಲ್ಲಿ ಬೆಂಗಳೂರನ್ನು ಹುಡುಕಿ. ನಕ್ಷೆಯ ಎಡಭಾಗದಲ್ಲಿ ಅಮೆರಿಕ ಇದೆ. ಅದರ ಪಶ್ಚಿಮ ಕರಾವಳಿಯಲ್ಲಿ, ಪೆಸಿಫಿಕ್ ಸಾಗರದ ದಡದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಇದೆ. ಎರಡು ಊರುಗಳ ನಡುವೆ ಅಡಿಪಟ್ಟಿ ಇಟ್ಟರೆ ಗೆರೆ ಅರಬ್ಬಿ ಸಮುದ್ರ, ಅರೇಬಿಯಾ, ಸಹಾರಾ ಮರುಭೂಮಿ, ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕವನ್ನು ಮುಟ್ಟುತ್ತದೆ. ಇದೇ ನೇರ ದಾರಿ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಈ ಗೆರೆಯ ಮೇಲೆಯೇ ವಿಮಾನ ಹಾರಿದರೆ ಅದು ಕ್ರಮಿಸುವ ದೂರ ಸುಮಾರು 20,000 ಕಿ.ಮೀ. ಅಂದರೆ ಭೂಮಿಯ ಸುತ್ತಳತೆಯ ಅರ್ಧದಷ್ಟು!

ತಪ್ಪು ಅಡಿಪಟ್ಟಿಯದ್ದಲ್ಲ, ನಕ್ಷೆಯದ್ದು. ಭೂಮಿ ಚೆಂಡಿನಂತೆ ದುಂಡಗಿದೆ, ಕಾಗದ ಚಪ್ಪಟೆ. ಮೋಸಂಬಿಯ ಸಿಪ್ಪೆಯನ್ನು ಬಿಡಿಸಿ ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಿ ನೋಡಿ. ಅದು ಹರಿಯದೆ ಕೂರುವುದಿಲ್ಲ. ನಕ್ಷೆ ಬರೆಯುವವರು ಅದನ್ನು ಹರಿಯದೆ ಕೂರಿಸಬೇಕಾದ್ದರಿಂದ ಮೇಲಿನ ಮತ್ತು ಕೆಳಗಿನ ಭಾಗಗಳನ್ನು ರಬ್ಬರಿನಂತೆ ಎಳೆದು ಅಗಲ ಮಾಡುತ್ತಾರೆ. ಎಷ್ಟು ಎಳೆಯುತ್ತಾರೆ ಗೊತ್ತೇ? ಸಮಭಾಜಕ ವೃತ್ತದ ಮೇಲೆ ಭೂಮಿಯನ್ನು ಒಂದು ಸುತ್ತು ಹಾಕಿದರೆ ಸುಮಾರು 40,000 ಕಿ.ಮೀ. ಉತ್ತರಕ್ಕೆ 60 ಡಿಗ್ರಿ ಅಕ್ಷಾಂಶಕ್ಕೆ ಹೋಗಿ ಒಂದು ಸುತ್ತು ಹಾಕಿದರೆ ಅದರ ಅರ್ಧ, 20,000 ಕಿ.ಮೀ. ಮಾತ್ರ. ಧ್ರುವದಲ್ಲಿ ನಿಂತರೆ ಒಂದು ಸುತ್ತು ಎಂದರೆ ನಿಂತಲ್ಲೇ ಬುಗುರಿಯ ಹಾಗೆ ತಿರುಗಿದರೆ ಆಯಿತು! ಆದರೆ ಗೋಡೆಯ ನಕ್ಷೆಯಲ್ಲಿ ಈ ಎಲ್ಲ ಸುತ್ತುಗಳನ್ನೂ ಒಂದೇ ಉದ್ದದ ಅಡ್ಡಗೆರೆಗಳಾಗಿ ಎಳೆದಿರುತ್ತಾರೆ. ಹೀಗಾಗಿ ಉತ್ತರದಲ್ಲಿ ಇರುವ ಚಿಕ್ಕ ದಾರಿಗಳೂ ನಕ್ಷೆಯಲ್ಲಿ ದೊಡ್ಡದಾಗಿ ಕಾಣುತ್ತವೆ. ಕೆಲವು ನಕ್ಷೆಗಳಲ್ಲಿ ಗ್ರೀನ್‌ಲ್ಯಾಂಡ್ ದ್ವೀಪ ಆಫ್ರಿಕಾದಷ್ಟು ದೊಡ್ಡದಾಗಿ ಕಾಣುವುದೂ ಇದೇ ಕಾರಣಕ್ಕೆ. ನಿಜದಲ್ಲಿ ಆಫ್ರಿಕಾ ಅದರ ಹದಿನಾಲ್ಕು ಪಟ್ಟು ದೊಡ್ಡದು.

ದಾರ ಹೇಳುವ ದಾರಿ

ಈಗ ಗ್ಲೋಬ್ ತನ್ನಿ. ಎಷ್ಟೋ ಶಾಲೆಗಳಲ್ಲಿ ಗ್ಲೋಬ್ ಬೀರುವಿನ ಮೇಲೆ ಧೂಳು ಕುಡಿಯುತ್ತಾ ಕುಳಿತಿರುತ್ತದೆ. ಮೇಷ್ಟ್ರನ್ನು ಅಥವಾ ಟೀಚರನ್ನು ಕೇಳಿ ಇಳಿಸಿಕೊಳ್ಳಿ. ಅದು ಇರುವುದೇ ನೀವು ಮುಟ್ಟಿ ತಿರುಗಿಸಲಿ ಎಂದು. ಜೊತೆಗೆ ಒಂದು ಗಟ್ಟಿ ದಾರ ಮತ್ತು ಅಳತೆ ಪಟ್ಟಿ ಸಾಕು.

ಮೊದಲು ದಾರವನ್ನು ಗ್ಲೋಬಿನ ಸಮಭಾಜಕ ವೃತ್ತದ ಸುತ್ತ ಒಂದು ಸುತ್ತು ಸುತ್ತಿ, ಅದರ ಉದ್ದ ಅಳೆಯಿರಿ. 80 ಸೆಂ.ಮೀ. ಬಂತು ಎಂದುಕೊಳ್ಳೋಣ. ನಿಜವಾದ ಭೂಮಿಯಲ್ಲಿ ಇದು 40,000 ಕಿ.ಮೀ. ಆದ್ದರಿಂದ ನಿಮ್ಮ ಗ್ಲೋಬಿನ 1 ಸೆಂ.ಮೀ. ಎಂದರೆ 500 ಕಿ.ಮೀ. ನಿಮ್ಮ ಗ್ಲೋಬ್ ದೊಡ್ಡದೋ ಚಿಕ್ಕದೋ ಆಗಿದ್ದರೆ ಈ ಅಂಕಿ ಬದಲಾಗುತ್ತದೆ. 40,000ವನ್ನು ನಿಮಗೆ ಬಂದ ಸೆಂಟಿಮೀಟರಿನಿಂದ ಭಾಗಿಸಿದರೆ ನಿಮ್ಮ ಅಂಕಿ ಸಿಗುತ್ತದೆ.

ಈಗ ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು, ದಾರ ಸಡಿಲವಿಲ್ಲದಂತೆ ಎಳೆಯಿರಿ. ಎಳೆದಾಗ ದಾರ ತನಗೆ ತಾನೇ ಜಾರಿ ಅತಿ ಚಿಕ್ಕ ದಾರಿಯನ್ನು ಹುಡುಕಿಕೊಳ್ಳುತ್ತದೆ. ಅದು ಎಲ್ಲಿ ಹೋಗಿ ನಿಂತಿತು ಎಂದು ನೋಡಿದಿರಾ? ಪಶ್ಚಿಮಕ್ಕೆ ಅಲ್ಲ, ಪೂರ್ವಕ್ಕೂ ಅಲ್ಲ. ಬೆಂಗಳೂರಿನಿಂದ ಹೆಚ್ಚುಕಡಿಮೆ ಉತ್ತರಕ್ಕೆ, ಸ್ವಲ್ಪವೇ ಪೂರ್ವಕ್ಕೆ ವಾಲಿಕೊಂಡು ಹೊರಡುತ್ತದೆ. ಛತ್ತೀಸ್‌ಗಢ, ನೇಪಾಳ, ಟಿಬೆಟ್, ಮಂಗೋಲಿಯಾ, ರಷ್ಯಾದ ಸೈಬೀರಿಯಾ ದಾಟಿ ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟುತ್ತದೆ. ಅಲ್ಲಿಂದ ಅಲಾಸ್ಕಾದ ಮೇಲೆ ಇಳಿದು, ಪೆಸಿಫಿಕ್ ಕರಾವಳಿಯ ಪಕ್ಕದಲ್ಲೇ ಸ್ಯಾನ್ ಫ್ರಾನ್ಸಿಸ್ಕೋ ಸೇರುತ್ತದೆ. ದಾರದ ಉದ್ದ ಸುಮಾರು 28 ಸೆಂ.ಮೀ. ಬರುತ್ತದೆ. 28 ಗುಣಿಸು 500, ಅಂದರೆ 14,000 ಕಿ.ಮೀ. ಗೋಡೆಯ ನಕ್ಷೆಯ ಗೆರೆಗಿಂತ 6,000 ಕಿ.ಮೀ. ಕಡಿಮೆ!

ದಾರ ಹಿಡಿದ ಈ ದಾರಿಗೆ ಮಹಾವೃತ್ತದ ದಾರಿ ಎಂದು ಹೆಸರು. ಗ್ಲೋಬನ್ನು ಸರಿಯಾಗಿ ಎರಡು ಹೋಳು ಮಾಡುವ ವೃತ್ತವೇ ಮಹಾವೃತ್ತ. ಸಮಭಾಜಕ ವೃತ್ತವೂ ಒಂದು ಮಹಾವೃತ್ತ. ದುಂಡಗಿನ ಮೈ ಮೇಲೆ ಎರಡು ಊರುಗಳ ನಡುವೆ ಅತಿ ಹತ್ತಿರದ ದಾರಿ ಯಾವಾಗಲೂ ಇಂಥ ವೃತ್ತದ ಒಂದು ತುಂಡೇ ಆಗಿರುತ್ತದೆ.

ಹಾಗಾದರೆ ಧ್ರುವದ ಮೇಲಿಂದ ಬಂದರೆ ಎಷ್ಟು ದೂರ? ಇದಕ್ಕೆ ದಾರವೂ ಬೇಡ, ಬರಿಯ ಕಳೆಯುವ ಲೆಕ್ಕ ಸಾಕು. ದೇವನಹಳ್ಳಿಯ ನಿಲ್ದಾಣ ಇರುವುದು 13.2 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಧ್ರುವ ಇರುವುದು 90 ಡಿಗ್ರಿಯಲ್ಲಿ. ನಡುವೆ ಇರುವುದು 76.8 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೋ 37.6 ಡಿಗ್ರಿ ಉತ್ತರದಲ್ಲಿದೆ. ಅಲ್ಲಿಂದ ಧ್ರುವಕ್ಕೆ 52.4 ಡಿಗ್ರಿ. ಒಟ್ಟು 129.2 ಡಿಗ್ರಿ. ಉತ್ತರ–ದಕ್ಷಿಣವಾಗಿ ಒಂದು ಡಿಗ್ರಿ ಸಾಗಿದರೆ ಸುಮಾರು 111 ಕಿ.ಮೀ. ಗುಣಿಸಿ ನೋಡಿ: ಸುಮಾರು 14,340 ಕಿ.ಮೀ. ದಾರದ ದಾರಿಗಿಂತ 340 ಕಿ.ಮೀ. ಹೆಚ್ಚು ಅಷ್ಟೇ. ಬೆಂಗಳೂರಿನಿಂದ ಮಂಗಳೂರಿಗೆ ರಸ್ತೆಯಲ್ಲಿ ಹೋಗುವಷ್ಟು. ಹದಿನಾಲ್ಕು ಸಾವಿರ ಕಿ.ಮೀ. ಪ್ರಯಾಣದಲ್ಲಿ ಅದು ಯಾವ ಲೆಕ್ಕ?

ಧ್ರುವದ ಮೇಲೆ ಹಾರುವಾಗ ಒಂದು ತಮಾಷೆ ನಡೆಯುತ್ತದೆ. ವಿಮಾನ ಎಡಕ್ಕೂ ತಿರುಗುವುದಿಲ್ಲ, ಬಲಕ್ಕೂ ತಿರುಗುವುದಿಲ್ಲ. ಮೂಗಿನ ನೇರಕ್ಕೆ ಹೋಗುತ್ತಿರುತ್ತದೆ. ಆದರೂ ಒಂದು ಕ್ಷಣದ ಹಿಂದೆ ಉತ್ತರಕ್ಕೆ ಹೋಗುತ್ತಿದ್ದದ್ದು ಈಗ ದಕ್ಷಿಣಕ್ಕೆ ಹೋಗುತ್ತಿರುತ್ತದೆ! ಧ್ರುವದಲ್ಲಿ ನಿಂತರೆ ನಾಲ್ಕು ದಿಕ್ಕೂ ದಕ್ಷಿಣವೇ. ಗ್ಲೋಬಿನ ತುದಿಯ ಮೇಲೆ ಬೆರಳಿಟ್ಟು ಜಾರಿಸಿದರೆ ಇದು ಒಡನೆ ಅರ್ಥವಾಗುತ್ತದೆ.

ವಿಮಾನ ದಾರದ ಮೇಲೆಯೇ ಹಾರುವುದಿಲ್ಲ, ಏಕೆ?

2021ರ ಆ ಮೊದಲ ವಿಮಾನ ಕ್ರಮಿಸಿದ ದೂರ ಸುಮಾರು 16,000 ಕಿ.ಮೀ. ಎಂದು ಆಗ ವರದಿಯಾಗಿತ್ತು. ಉತ್ತರ ಧ್ರುವ ದಾಟಿ ಅಟ್ಲಾಂಟಿಕ್ ಕಡೆಯಿಂದ ಅದು ಬೆಂಗಳೂರಿಗೆ ಬಂತು. ದಾರ 14,000 ಎನ್ನುತ್ತಿರುವಾಗ ವಿಮಾನ ಎರಡು ಸಾವಿರ ಕಿ.ಮೀ. ಹೆಚ್ಚು ಹಾರುವುದೇಕೆ? ದಾರಕ್ಕೆ ಬೆಟ್ಟ ಗೊತ್ತಿಲ್ಲ, ಚಳಿ ಗೊತ್ತಿಲ್ಲ, ಗಾಳಿ ಗೊತ್ತಿಲ್ಲ, ದೇಶದೇಶಗಳ ಜಗಳವೂ ಗೊತ್ತಿಲ್ಲ. ಪೈಲಟ್‌ಗೆ ಇವೆಲ್ಲ ಗೊತ್ತಿರಲೇಬೇಕು.

ಬೆಟ್ಟವನ್ನೇ ತೆಗೆದುಕೊಳ್ಳಿ. ನಮ್ಮ ದಾರ ಟಿಬೆಟ್ ಮೇಲೆ ಹಾದಿತ್ತು. ವಿಮಾನ ಹಾರುವುದು 10ರಿಂದ 12 ಕಿ.ಮೀ. ಎತ್ತರದಲ್ಲಿ, ಹಿಮಾಲಯ ಅದಕ್ಕೆ ಅಡ್ಡಿಯೇ ಅಲ್ಲ. ಆದರೆ ಆ ಎತ್ತರದಲ್ಲಿ ಗಾಳಿ ಎಷ್ಟು ವಿರಳ ಎಂದರೆ ಮನುಷ್ಯರು ಉಸಿರಾಡಲಾರರು. ಅದಕ್ಕಾಗಿ ವಿಮಾನದ ಒಳಗೆ ಗಾಳಿಯನ್ನು ಒತ್ತಿ ತುಂಬಿರುತ್ತಾರೆ, ಸೈಕಲ್ ಟ್ಯೂಬಿನಲ್ಲಿ ತುಂಬಿದ ಹಾಗೆ. ಎಲ್ಲಿಯಾದರೂ ತೂತಾಗಿ ಆ ಗಾಳಿ ಸೋರಿಹೋಯಿತು ಎನ್ನಿ. ಆಗ ಪ್ರಯಾಣಿಕರ ತಲೆಯ ಮೇಲಿನಿಂದ ಆಮ್ಲಜನಕದ ಮುಖವಾಡಗಳು ತೂಗಿ ಬೀಳುತ್ತವೆ. ಅವು ಕೆಲವು ನಿಮಿಷಗಳಿಗೆ ಮಾತ್ರ ಸಾಲುತ್ತವೆ. ಅಷ್ಟರೊಳಗೆ ಪೈಲಟ್ ವಿಮಾನವನ್ನು ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಸಬೇಕು, ಅಲ್ಲಿ ಉಸಿರಾಡಬಹುದು. ಆದರೆ ಟಿಬೆಟ್ ಪ್ರಸ್ಥಭೂಮಿಯ ನೆಲವೇ ಸರಾಸರಿ 4,500 ಮೀಟರಿಗಿಂತ ಎತ್ತರದಲ್ಲಿದೆ! ಇಳಿಯಲು ಜಾಗವೆಲ್ಲಿ? ಆದ್ದರಿಂದಲೇ ಹೆಚ್ಚಿನ ವಿಮಾನಗಳು ಟಿಬೆಟ್ಟನ್ನು ಬಳಸಿಕೊಂಡು ಹೋಗುತ್ತವೆ.

ಧ್ರುವದ ಕಡೆ ಬೆಟ್ಟದ ಭಯವಿಲ್ಲ, ಅಲ್ಲಿನ ತೊಂದರೆ ಚಳಿ. ವಿಮಾನದ ಇಂಧನ ನಮ್ಮ ಸೀಮೆಎಣ್ಣೆಯ ಹತ್ತಿರದ ಸಂಬಂಧಿ. ಅದರಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು ಬಗೆ ಸೊನ್ನೆಗಿಂತ 47 ಡಿಗ್ರಿ ಸೆಲ್ಸಿಯಸ್ ಕೆಳಗೆ ಹೋದರೆ ಗಟ್ಟಿಯಾಗತೊಡಗುತ್ತದೆ. ಚಳಿಗಾಲದ ಮುಂಜಾನೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಹೆಪ್ಪುಗಟ್ಟುವುದನ್ನು ನೋಡಿದ್ದೀರಲ್ಲ, ಹಾಗೆ. ಧ್ರುವದ ಮೇಲಿನ ಗಾಳಿ ಸೊನ್ನೆಗಿಂತ 60 ಡಿಗ್ರಿಗೂ ಕೆಳಗೆ ಇರಬಹುದು. ರೆಕ್ಕೆಯೊಳಗಿನ ಟ್ಯಾಂಕಿನಲ್ಲಿರುವ ಇಂಧನ ಗಂಟೆಗಟ್ಟಲೆ ಆ ಚಳಿಯಲ್ಲಿ ತಣ್ಣಗಾಗುತ್ತಾ ಬರುತ್ತದೆ. ಪೈಲಟ್‌ಗಳು ಅದರ ಉಷ್ಣತೆಯ ಮೇಲೆ ಕಣ್ಣಿಟ್ಟಿರುತ್ತಾರೆ. ತೀರಾ ಇಳಿದರೆ ಸ್ವಲ್ಪ ಬೆಚ್ಚಗಿರುವ ಕೆಳಗಿನ ಗಾಳಿಗೆ ವಿಮಾನವನ್ನು ಇಳಿಸುತ್ತಾರೆ ಅಥವಾ ವೇಗ ಹೆಚ್ಚಿಸುತ್ತಾರೆ. ವೇಗ ಹೆಚ್ಚಿದರೆ ಗಾಳಿ ಒತ್ತಿ ಉಜ್ಜಿ ರೆಕ್ಕೆ ಸ್ವಲ್ಪ ಬಿಸಿಯಾಗುತ್ತದೆ. ಅಲ್ಲಿ ಕಾಂತದ ದಿಕ್ಸೂಚಿಯನ್ನೂ ನಂಬುವ ಹಾಗಿಲ್ಲ. ಉಪಗ್ರಹಗಳ ಮತ್ತು ವಿಮಾನದೊಳಗಿನ ಬೇರೆ ಉಪಕರಣಗಳ ನೆರವು ಬೇಕು.

ಇನ್ನೊಂದು ಮಾತು. ಬಸ್ಸು ಕೆಟ್ಟರೆ ರಸ್ತೆ ಬದಿ ನಿಲ್ಲಿಸಬಹುದು. ವಿಮಾನಕ್ಕೆ ಆ ಸೌಕರ್ಯವಿಲ್ಲ. ಆದ್ದರಿಂದ ದಾರಿಯುದ್ದಕ್ಕೂ ಬೇಕಾದಾಗ ಇಳಿಯಬಲ್ಲ ನಿಲ್ದಾಣಗಳು ಯಾವುವು ಎಂದು ಹೊರಡುವ ಮೊದಲೇ ಗುರುತು ಮಾಡಿಕೊಂಡಿರಬೇಕು. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿದ್ದ ಏರ್ ಇಂಡಿಯಾ ವಿಮಾನದ ಒಂದು ಎಂಜಿನ್ನಿನಲ್ಲಿ ದೋಷ ಕಂಡಿತು. 216 ಪ್ರಯಾಣಿಕರು ಮತ್ತು 16 ಸಿಬ್ಬಂದಿ ಇದ್ದ ಆ ವಿಮಾನ ರಷ್ಯಾದ ದೂರ ಪೂರ್ವದ ಮಗದಾನ್ ಎಂಬ ಊರಿನಲ್ಲಿ ಸುರಕ್ಷಿತವಾಗಿ ಇಳಿಯಿತು. ಆಮೇಲೆ ಮುಂಬಯಿಯಿಂದ ಬೇರೆ ವಿಮಾನ ಹೋಗಿ ಎಲ್ಲರನ್ನೂ ಅಮೆರಿಕಕ್ಕೆ ಮುಟ್ಟಿಸಿತು. ಗ್ಲೋಬಿನಲ್ಲಿ ಮಗದಾನ್ ಎಲ್ಲಿದೆ ಎಂದು ಹುಡುಕಿ. ಆ ಸೀಮೆಯಲ್ಲಿ ದೊಡ್ಡ ಊರುಗಳೇ ಅಪರೂಪ. ಅಲ್ಲೊಂದು ವಿಮಾನ ನಿಲ್ದಾಣ ಇದೆ ಎಂಬುದು ಎಷ್ಟು ಮುಖ್ಯ ಎಂದು ಆ 232 ಮಂದಿಗೆ ಆ ದಿನ ಗೊತ್ತಾಗಿರಬೇಕು.

ಜಗಳದ ಮಾತಿಗೆ ಬರೋಣ. ಒಂದು ದೇಶದ ನೆಲದ ಮೇಲಿರುವ ಆಕಾಶ ಆ ದೇಶದ್ದೇ. ಅದು ಬೇಡ ಎಂದರೆ ಬೇರೆಯವರ ವಿಮಾನ ಅಲ್ಲಿ ಹಾರುವಂತಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾ ತನ್ನ ಆಕಾಶವನ್ನು ಯುರೋಪಿನ ಅನೇಕ ದೇಶಗಳ ವಿಮಾನಗಳಿಗೆ ಮುಚ್ಚಿತು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಜಪಾನಿನ ಟೋಕಿಯೊಗೆ ಸೈಬೀರಿಯಾ ದಾಟಿ ಒಂಬತ್ತು ಒಂಬತ್ತೂವರೆ ಗಂಟೆಯಲ್ಲಿ ಹೋಗುತ್ತಿದ್ದ ವಿಮಾನ ಆಗ ಉತ್ತರ ಧ್ರುವ ಸುತ್ತಿ ಹೋಗಬೇಕಾಯಿತು. ಹದಿಮೂರು ಗಂಟೆ ಹಿಡಿಯಿತು. ಎರಡು ಊರುಗಳ ನಡುವಿನ ದಾರದ ಅಳತೆ ಮಾತ್ರ ಒಂದು ಮಿಲಿಮೀಟರ್ ಕೂಡ ಬದಲಾಗಿರಲಿಲ್ಲ!

ಹೊತ್ತಿನ ಲೆಕ್ಕ: ಗಾಳಿಯ ನದಿ

ಈಗ ಹೊತ್ತು ಎಷ್ಟು ಎಂದು ನೋಡೋಣ. ದೂರವನ್ನು ವೇಗದಿಂದ ಭಾಗಿಸಿದರೆ ಕಾಲ ಸಿಗುತ್ತದೆ ಎಂದು ನೀವು ಕಲಿತಿದ್ದೀರಿ. ಇಂಥ ದೊಡ್ಡ ವಿಮಾನದ ವೇಗ ಗಂಟೆಗೆ ಸುಮಾರು 900 ಕಿ.ಮೀ. 14,000ವನ್ನು 900ರಿಂದ ಭಾಗಿಸಿದರೆ ಸುಮಾರು ಹದಿನೈದೂವರೆ ಗಂಟೆ. ಹೋಗಲಿಕ್ಕೂ ಬರಲಿಕ್ಕೂ ಇಷ್ಟೇ ಆಗಬೇಕು. ಆದರೆ ಆಗುವುದಿಲ್ಲ.

ತುಂಬಿ ಹರಿಯುವ ತುಂಗಭದ್ರೆಯಲ್ಲಿ ಹರಿಗೋಲು ಹೋಗುವುದನ್ನು ನೆನೆಯಿರಿ. ನೀರು ಹರಿಯುವ ಕಡೆಗೆ ಹುಟ್ಟು ಹಾಕಿದರೆ ಹರಿಗೋಲು ಓಡುತ್ತದೆ. ನೀರಿಗೆ ಎದುರಾಗಿ ಅಷ್ಟೇ ಶಕ್ತಿ ಹಾಕಿದರೂ ತೆವಳುತ್ತದೆ. ಆಕಾಶದಲ್ಲೂ ಅಂಥ ನದಿಗಳಿವೆ. ನೆಲದಿಂದ 9ರಿಂದ 12 ಕಿ.ಮೀ. ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ರಭಸವಾಗಿ ಬೀಸುವ ಗಾಳಿಯ ಪಟ್ಟಿಗಳಿವೆ. ಇವಕ್ಕೆ ಜೆಟ್ ಪ್ರವಾಹ ಎನ್ನುತ್ತಾರೆ. ಚಳಿಗಾಲದಲ್ಲಿ ಇವು ಇನ್ನೂ ಬಿರುಸು. ಜಪಾನಿನ ಮೇಲಂತೂ ಕೆಲವೊಮ್ಮೆ ಗಂಟೆಗೆ 300 ಕಿ.ಮೀ. ವೇಗವನ್ನೂ ಮೀರುತ್ತವೆ.

ಈ ಗಾಳಿಯನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನ ವಿಜ್ಞಾನಿ ವಾಸಾಬುರೊ ಓಯಿಶಿ. 1920ರ ದಶಕದಲ್ಲಿ ಅವರು ಬಲೂನುಗಳನ್ನು ಹಾರಿಬಿಟ್ಟು, ದೂರದರ್ಶಕದಲ್ಲಿ ಅವುಗಳ ಜಾಡು ಹಿಡಿದು, ಮೇಲಿನ ಗಾಳಿಯ ವೇಗವನ್ನು ಲೆಕ್ಕ ಹಾಕಿದರು. ಪ್ರಪಂಚದವರೆಲ್ಲ ಓದಲಿ ಎಂಬ ಆಸೆಯಿಂದ 1926ರಲ್ಲಿ ತಮ್ಮ ವರದಿಯನ್ನು ಎಸ್ಪೆರಾಂಟೊ ಎಂಬ ಭಾಷೆಯಲ್ಲಿ ಅಚ್ಚು ಹಾಕಿಸಿದರು. ಎಲ್ಲ ದೇಶದವರಿಗೂ ಒಂದೇ ಭಾಷೆ ಇರಲಿ ಎಂದು ಹೊಸದಾಗಿ ಕಟ್ಟಿದ ಭಾಷೆ ಅದು. ಪಾಪ, ಓದಬಲ್ಲವರೇ ಕಡಿಮೆ ಇದ್ದರು! 1944ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜಪಾನಿನ ಮೇಲೆ ಎತ್ತರದಲ್ಲಿ ಹಾರಿದ ಅಮೆರಿಕದ ವಿಮಾನಗಳು ಈ ಗಾಳಿಗೆ ಸಿಕ್ಕಿ ಕಂಗಾಲಾದವು.

ಈಗ ನಮ್ಮ ಲೆಕ್ಕಕ್ಕೆ ಗಾಳಿಯನ್ನು ಸೇರಿಸೋಣ. ದಾರಿಯುದ್ದಕ್ಕೂ ಗಂಟೆಗೆ 100 ಕಿ.ಮೀ. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿದೆ ಎನ್ನಿ. ನೆಲದ ಮೇಲಿನಿಂದ ಅಳೆದರೆ ವಿಮಾನದ ವೇಗ 1,000 ಆಯಿತು. 14,000 ಕಿ.ಮೀ.ಗೆ 14 ಗಂಟೆ ಸಾಕು. ಅದೇ ಗಾಳಿ ಎದುರಿನಿಂದ ಬೀಸಿದರೆ ವೇಗ 800, ಬೇಕಾದ ಸಮಯ ಹದಿನೇಳೂವರೆ ಗಂಟೆ. ಒಂದೇ ವಿಮಾನ, ಒಂದೇ ದೂರ, ಮೂರೂವರೆ ಗಂಟೆ ವ್ಯತ್ಯಾಸ.

ಹೀಗಾಗಿ ಕೆಲವೊಮ್ಮೆ ಉದ್ದದ ದಾರಿಯೇ ಬೇಗ ಮುಟ್ಟಿಸುತ್ತದೆ! ಇದಕ್ಕೆ ನಿಜವಾದ ಉದಾಹರಣೆ ಇದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಏರ್ ಇಂಡಿಯಾ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ, ಅಂದರೆ ಪಶ್ಚಿಮಕ್ಕೆ ಹೊರಟು ಹೋಗುತ್ತಿತ್ತು. ದೂರ ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್ 16ರಂದು ಅದನ್ನು ಪೂರ್ವಕ್ಕೆ, ಪೆಸಿಫಿಕ್ ಸಾಗರದ ಮೇಲೆ ಹಾರಿಸಿದರು. ದೂರ ಸುಮಾರು 15,300 ಕಿ.ಮೀ. 1,400 ಕಿ.ಮೀ. ಹೆಚ್ಚು. ಆದರೂ ಹದಿನಾಲ್ಕೂವರೆ ಗಂಟೆಯಲ್ಲೇ ತಲುಪಿತು, ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಮೊದಲು. ಬೆನ್ನ ಹಿಂದೆ ಗಾಳಿ ಇತ್ತಲ್ಲ! 15,300ನ್ನು 14.5ರಿಂದ ಭಾಗಿಸಿ ನೋಡಿ, ಗಂಟೆಗೆ ಎಷ್ಟು ಕಿ.ಮೀ. ಬರುತ್ತದೆ ಎಂದು.

ಅಮೆರಿಕದಿಂದ ಬೆಂಗಳೂರಿಗೆ ಬರುವಾಗ ಇದರ ತಿರುವುಮುರುವು. ಪೆಸಿಫಿಕ್ ಮೇಲೆ ಪಶ್ಚಿಮಕ್ಕೆ ಹೊರಟರೆ ಜಪಾನಿನ ಆ ಬಿರುಗಾಳಿ ಮುಖಕ್ಕೇ ಹೊಡೆಯುತ್ತದೆ. ಧ್ರುವದ ಕಡೆಗೆ ಹೊರಟರೆ ಅದನ್ನು ತಪ್ಪಿಸಿಕೊಳ್ಳಬಹುದು. ಆ ನಾಲ್ವರು ಪೈಲಟ್‌ಗಳು ಧ್ರುವದ ದಾರಿ ಹಿಡಿದುದರ ಗುಟ್ಟು ಈಗ ತಿಳಿಯಿತೇ?

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ. ನಾನು ಹೋದ ಶಾಲೆಗಳಲ್ಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ಭೂಮಿ ಹೇಗೂ ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆಯಲ್ಲ, ಹೆಲಿಕಾಪ್ಟರ್ ಮೇಲಕ್ಕೆ ಎದ್ದು ಸುಮ್ಮನೆ ನಿಂತರೆ ಅಮೆರಿಕವೇ ಕೆಳಗೆ ಬರುವುದಿಲ್ಲವೇ? ಬಹಳ ಒಳ್ಳೆಯ ಪ್ರಶ್ನೆ. ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ತಿರುಗುತ್ತಿರುವುದು ನಿಜ. ಆದರೆ ಅದರ ಮೇಲಿನ ಗಾಳಿಯೂ, ಹೆಲಿಕಾಪ್ಟರೂ, ನೀವೂ ಅದೇ ವೇಗದಲ್ಲಿ ಜೊತೆಗೇ ತಿರುಗುತ್ತಿದ್ದೀರಿ. ಓಡುವ ರೈಲಿನೊಳಗೆ ನಾಣ್ಯವನ್ನು ಮೇಲಕ್ಕೆ ಚಿಮ್ಮಿದರೆ ಅದು ಹಿಂದಿನ ಸೀಟಿಗೆ ಹೋಗಿ ಬೀಳುತ್ತದೆಯೇ? ನಿಮ್ಮ ಕೈಗೇ ಬೀಳುತ್ತದೆ. ಹೆಲಿಕಾಪ್ಟರ್ ಕೂಡ ಎದ್ದಲ್ಲೇ ಇಳಿಯುತ್ತದೆ.

ಒಂದು ಗಂಟೆಯ ಬೆಲೆ

ಒಂದೆರಡು ಗಂಟೆಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕೇ? ಕೆಡಿಸಿಕೊಳ್ಳಬೇಕು. 2021ರಲ್ಲಿ ಬಂದದ್ದು ಬೋಯಿಂಗ್ 777-200ಎಲ್ಆರ್ ಜಾತಿಯ ವಿಮಾನ. ಅದರ ಟ್ಯಾಂಕುಗಳಲ್ಲಿ ಹಿಡಿಸುವ ಇಂಧನ ಸುಮಾರು 1,81,000 ಲೀಟರ್. ಪೆಟ್ರೋಲ್ ಬಂಕಿಗೆ ಬರುವ 12,000 ಲೀಟರಿನ ಟ್ಯಾಂಕರ್ ಲಾರಿಗಳಾದರೆ ಹದಿನೈದು ಬೇಕು! ಇದರ ತೂಕ ಸುಮಾರು 145 ಟನ್. ಪ್ರಯಾಣಿಕರು, ಸಾಮಾನು, ಇಂಧನ ಎಲ್ಲ ಸೇರಿ ಆ ವಿಮಾನ ಹೊತ್ತು ಮೇಲೇಳಬಹುದಾದ ಒಟ್ಟು ತೂಕ ಸುಮಾರು 347 ಟನ್. ಅಂದರೆ ಐದರಲ್ಲಿ ಎರಡು ಭಾಗಕ್ಕಿಂತ ಹೆಚ್ಚು ಬರಿಯ ಇಂಧನ. ಹೊರಡುವಾಗ ವಿಮಾನ ತನ್ನ ಇಂಧನವನ್ನು ಹೊರುವುದಕ್ಕೇ ಬಹಳಷ್ಟು ಇಂಧನ ಸುಡುತ್ತದೆ.

ಅದು ಗಂಟೆಗೆ ಸುಡುವುದು ಹೆಚ್ಚುಕಡಿಮೆ 7 ಟನ್. ಒಂದು ಟನ್ ಇಂಧನ ಸುಟ್ಟರೆ ಮೂರು ಟನ್ನಿಗಿಂತ ಸ್ವಲ್ಪ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಒಂದು ಟನ್ನಿನಿಂದ ಮೂರು ಟನ್ ಹೇಗೆ ಎಂದು ಹುಬ್ಬೇರಿಸಬೇಡಿ. ಇಂಧನದಲ್ಲಿರುವ ಇಂಗಾಲ ಸುಡುವಾಗ ಗಾಳಿಯ ಆಮ್ಲಜನಕವನ್ನು ಸೇರಿಸಿಕೊಳ್ಳುತ್ತದೆ, ಆ ತೂಕವೂ ಕೂಡುತ್ತದೆ. ಹಾಗಾಗಿ ಗಾಳಿಯ ನದಿಯನ್ನು ಬುದ್ಧಿವಂತಿಕೆಯಿಂದ ಬಳಸಿ ಒಂದು ಗಂಟೆ ಉಳಿಸಿದರೆ 20 ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ವಾತಾವರಣಕ್ಕೆ ಸೇರುವುದು ತಪ್ಪುತ್ತದೆ.

ಇಂಧನ ಸಾಲದೆ ಹೋದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಆದ್ದರಿಂದ ಪ್ರತಿ ಹಾರಾಟಕ್ಕೂ ಮೊದಲು ಆ ದಿನದ ಗಾಳಿಯ ಮುನ್ಸೂಚನೆ ನೋಡಿ ಹೊಸದಾಗಿ ದಾರಿ ಗೊತ್ತುಮಾಡುತ್ತಾರೆ. ಎದುರುಗಾಳಿ ಹೆಚ್ಚಿದ್ದರೆ, ಇಳಿಯುವ ಊರಿನಲ್ಲಿ ಮಂಜು ಕವಿದರೆ ಎಂದು ಯೋಚಿಸಿ, ಹೆಚ್ಚುವರಿ ಇಂಧನವನ್ನೂ ತುಂಬಿಸುತ್ತಾರೆ. ನಿನ್ನೆ ಹಾರಿದ ದಾರಿಯಲ್ಲೇ ಇಂದೂ ಹಾರುತ್ತಾರೆ ಎಂದು ಹೇಳಲಾಗದು.

ಕಳೆದುಹೋದ ಹದಿಮೂರೂವರೆ ಗಂಟೆ

ಇನ್ನು ನಮ್ಮ ಒಗಟು. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಗಂಟೆಗೆ 15 ಡಿಗ್ರಿ. ನಮ್ಮ ದೇಶದ ಗಡಿಯಾರವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದ್ದಾರೆ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗಡಿಯಾರ 120 ಡಿಗ್ರಿ ಪಶ್ಚಿಮ ರೇಖಾಂಶಕ್ಕೆ ಹೊಂದಿರುತ್ತದೆ. ಎರಡರ ನಡುವೆ 202.5 ಡಿಗ್ರಿ. 15ರಿಂದ ಭಾಗಿಸಿದರೆ ಹದಿಮೂರೂವರೆ ಗಂಟೆ! ನಮ್ಮಲ್ಲಿ ನೀವು ಮಧ್ಯಾಹ್ನ 12 ಗಂಟೆಗೆ ಬಿಸಿಯೂಟಕ್ಕೆ ಕಾಯುತ್ತಿರುವಾಗ ಅಲ್ಲಿನ ಮಕ್ಕಳಿಗೆ ಇನ್ನೂ ಹಿಂದಿನ ದಿನದ ರಾತ್ರಿ ಹತ್ತೂವರೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಳ್ಳುವುದರಿಂದ ವ್ಯತ್ಯಾಸ ಹನ್ನೆರಡೂವರೆ ಗಂಟೆ ಆಗುತ್ತದೆ.

ಈಗ ಸುಲಭ. ಅಲ್ಲಿ ಜನವರಿ 9ರ ರಾತ್ರಿ 8.30 ಆಗಿದ್ದಾಗ ಬೆಂಗಳೂರಿನಲ್ಲಿ ಜನವರಿ 10ರ ಬೆಳಿಗ್ಗೆ 10 ಗಂಟೆ. ಅಲ್ಲಿಂದ 11ರ ಬೆಳಗಿನ ಜಾವ 3.45ರವರೆಗೆ ಎಣಿಸಿ: 17 ಗಂಟೆ 45 ನಿಮಿಷ. ಹದಿಮೂರೂವರೆ ಗಂಟೆಯನ್ನು ಯಾರೂ ಕದ್ದಿರಲಿಲ್ಲ. ನಾವು ಒಂದು ಊರಿನ ಗಡಿಯಾರದಿಂದ ಎಣಿಕೆ ಶುರುಮಾಡಿ ಇನ್ನೊಂದು ಊರಿನ ಗಡಿಯಾರದಲ್ಲಿ ಮುಗಿಸಿದ್ದೆವು, ಅಷ್ಟೇ.

ತಿರುಗಿ ಹೋಗುವಾಗ ಇನ್ನೂ ಮಜಾ. ಜನವರಿಯ ಒಂದು ದಿನ ಮಧ್ಯಾಹ್ನ 2.30ಕ್ಕೆ ವಿಮಾನವೊಂದು ಬೆಂಗಳೂರು ಬಿಟ್ಟು 16 ಗಂಟೆ ಹಾರಿತು ಎನ್ನಿ. ನಮ್ಮ ಗಡಿಯಾರದಲ್ಲಿ ಮರುದಿನ ಬೆಳಿಗ್ಗೆ 6.30. ಅದರಿಂದ ಹದಿಮೂರೂವರೆ ಗಂಟೆ ಕಳೆಯಿರಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೊರಟ ದಿನವೇ ಸಂಜೆ 5 ಗಂಟೆ! ಮಧ್ಯಾಹ್ನದ ಊಟ ಮುಗಿಸಿ ಇಲ್ಲಿಂದ ಹೊರಟವರು ಅದೇ ದಿನದ ಸಂಜೆಯ ಕಾಫಿಗೆ ಅಮೆರಿಕದಲ್ಲಿರುತ್ತಾರೆ. ಗೋಡೆಯ ಗಡಿಯಾರ ಎರಡೂವರೆ ಗಂಟೆ ಎನ್ನುತ್ತದೆ, ನೋಯುವ ಕಾಲು ಮಾತ್ರ ಹದಿನಾರು ಗಂಟೆ ಎನ್ನುತ್ತದೆ.

ಇನ್ನೊಂದು ಲೆಕ್ಕವನ್ನು ನೀವೇ ಮಾಡಿ. ಗ್ಲೋಬಿನ ಮೇಲೆ ಬೆಂಗಳೂರಿನಿಂದ ಲಂಡನ್ನಿಗೆ ದಾರ ಎಳೆಯಿರಿ. ಸುಮಾರು 8,000 ಕಿ.ಮೀ. ಬರುತ್ತದೆಯೇ ನೋಡಿ. ಚಳಿಗಾಲದಲ್ಲಿ ಲಂಡನ್ನಿನ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ. ಜನವರಿಯಲ್ಲಿ ಮಧ್ಯಾಹ್ನ 1.30ಕ್ಕೆ ಹೊರಟ ವಿಮಾನ ಹತ್ತೂವರೆ ಗಂಟೆ ಹಾರಿದರೆ ಅಲ್ಲಿ ಇಳಿದಾಗ ಎಷ್ಟು ಗಂಟೆ? ಹೋಗುವಾಗ ಹೆಚ್ಚು ಹೊತ್ತು ಬೇಕೋ ಬರುವಾಗಲೋ? ನಿಮ್ಮ ದಾರ ಯಾವ ಯಾವ ದೇಶಗಳ ಮೇಲೆ ಹಾದುಹೋಯಿತು ಎಂದು ಪಟ್ಟಿ ಮಾಡಿ. ಅದರಲ್ಲಿ ಒಂದು ದೇಶ ತನ್ನ ಆಕಾಶವನ್ನು ಮುಚ್ಚಿತು ಎಂದುಕೊಂಡು, ಆ ದೇಶವನ್ನು ಮುಟ್ಟದಂತೆ ದಾರವನ್ನು ಬಗ್ಗಿಸಿ ಮತ್ತೆ ಅಳೆಯಿರಿ. ಎಷ್ಟು ಸೆಂ.ಮೀ. ಹೆಚ್ಚಾಯಿತು?